ಚೆಂಡಿಗೆ ಮೂವತ್ತೊಂದು ರೂಪಾಯಿ: ಲೆಕ್ಕ ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಉಡುಪಿ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮುಖ್ಯೋಪಾಧ್ಯಾಯರಿಗೂ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೂ ಮಗ್ಗಿ ಸ್ಪರ್ಧೆಗೆ ಶೀಲ್ಡು ಕೊಡಿಸುವ ದಾನಿಗಳಿಗೂ ನಮಸ್ಕಾರ.

ನಾನು ಶಿಕ್ಷಕನಲ್ಲ. 28 ವರ್ಷ ಉಡುಪಿಯ ಅಂಗಡಿಯಿಂದ ಅಂಗಡಿಗೆ ನಡೆದು ಪಿಗ್ಮಿ ಸಂಗ್ರಹಿಸಿದವನು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಈ ಊರಿನಲ್ಲೇ, ದಿನಕ್ಕೆ ಎರಡಾಣೆಯಾದರೂ ಸಾಕು ಎಂದು ಮನೆಬಾಗಿಲಿಗೆ ಹೋಗಿ ಉಳಿತಾಯ ಕೂಡಿಸುವ ಈ ಕ್ರಮವನ್ನು ಆರಂಭಿಸಿತು. ಅದನ್ನು ನಂಬಿ ಹೊಟ್ಟೆ ಹೊರೆದ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ ಬಂದದ್ದು 37 ಅಂಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅಂಕಪಟ್ಟಿ ಕೇಳುವುದು ಬೇಡ.

ಪತ್ರಕ್ಕೆ ಕಾರಣ ನನ್ನ ಮೊಮ್ಮಗಳು. ನಾಲ್ಕನೆಯ ತರಗತಿ. ಕಳೆದ ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವದಂದು ಮಗ್ಗಿ ಸ್ಪರ್ಧೆಯ ಮೊದಲ ಬಹುಮಾನ ಅವಳಿಗೆ ಬಂತು. ಎರಡರಿಂದ ಇಪ್ಪತ್ತರವರೆಗಿನ ಮಗ್ಗಿಯನ್ನು ಎಲ್ಲೂ ತಡವರಿಸದೆ ಒಪ್ಪಿಸಿದಳು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಮರುದಿನ ಬೆಳಿಗ್ಗೆ ಮಲ್ಲಿಗೆ ತರಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋದೆ. ಅಂದು ಅಟ್ಟೆಗೆ 1,240 ರೂಪಾಯಿ. ಹೊರಜಿಲ್ಲೆಯವರಿಗೆ ತಿಳಿಯಲಿ ಎಂದು ಹೇಳುತ್ತೇನೆ: ಶಂಕರಪುರದ ಮಲ್ಲಿಗೆಯ ವ್ಯಾಪಾರದಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇದು ಮೊಮ್ಮಗಳಿಗೂ ಗೊತ್ತು, ಅಜ್ಜಿಯ ಜೊತೆ ಹಲವು ಸಲ ಬಂದಿದ್ದಾಳೆ. "ನಮಗೆ ಒಂದೇ ಚೆಂಡು ಸಾಕು. ಎಷ್ಟು ಕೊಡಬೇಕು ಹೇಳು" ಎಂದೆ.

ಅವಳು ಪೆನ್ನು ಕೇಳಿದಳು. ನನ್ನ ಜೇಬಿನಲ್ಲಿದ್ದ ಔಷಧದ ಚೀಟಿಯ ಹಿಂದೆ ಭಾಗಾಕಾರದ ಮನೆ ಕಟ್ಟಿದಳು. ಹನ್ನೆರಡರಲ್ಲಿ ನಾಲ್ಕು ಮೂರು ಸಲ, ನಾಲ್ಕರಲ್ಲಿ ನಾಲ್ಕು ಒಂದು ಸಲ. ಉತ್ತರ 31. "ಮೂವತ್ತೊಂದು ರೂಪಾಯಿ ಅಜ್ಜ" ಎಂದಳು, ಕೆಳಗೆ ಎರಡು ಗೆರೆಯನ್ನೂ ಎಳೆದಳು.

ಹೂವಿನ ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಆ ದರಕ್ಕೆ ಸಿಗುವುದಾದರೆ ನನಗೂ ಹತ್ತು ಅಟ್ಟೆ ತಂದುಕೊಡು ಮಗೂ" ಎಂದರು. ಅವರ ಲೆಕ್ಕ ಬಾಯಿಯಲ್ಲೇ ಮುಗಿದಿತ್ತು: ಅರ್ಧಕ್ಕೆ ಆರುನೂರ ಇಪ್ಪತ್ತು, ಅದರ ಅರ್ಧಕ್ಕೆ ಮುನ್ನೂರ ಹತ್ತು.

ಕೊನೆಯ ಸೊನ್ನೆ ಮರೆತುಹೋಗುವುದು ದೊಡ್ಡ ಅಪರಾಧವಲ್ಲ, ನಾನೂ ಎಷ್ಟೋ ಸಲ ಮರೆತು ರಾತ್ರಿ ಕೈಯಿಂದ ದುಡ್ಡು ಕಟ್ಟಿದ್ದೇನೆ. ನನ್ನನ್ನು ಕಾಡಿದ್ದು ಬೇರೆ. ಸಾವಿರ ದಾಟಿದ ಮೊತ್ತವನ್ನು ನಾಲ್ಕು ಪಾಲು ಮಾಡಿದಾಗ ಒಂದು ಪಾಲಿಗೆ ಮೂವತ್ತೊಂದು ಬಂದರೆ ಮಗುವಿಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. 31 ಎಂಬುದು ಅವಳ ಪಾಲಿಗೆ ಗೆರೆಯ ಕೆಳಗೆ ಬಂದು ಕೂತ ಎರಡು ಅಂಕಿಗಳು, ಅಷ್ಟೆ. ಅದು ದೊಡ್ಡದೋ ಚಿಕ್ಕದೋ, ಎದುರಿಗಿರುವ ಹೂವಿಗೂ ಅದಕ್ಕೂ ಏನಾದರೂ ಸಂಬಂಧವಿದೆಯೋ ಎಂದು ನೋಡುವ ಅಭ್ಯಾಸವನ್ನು ಯಾರೂ ಅವಳಿಗೆ ಮಾಡಿಸಿರಲಿಲ್ಲ. ಇದರಲ್ಲಿ ನನ್ನ ಪಾಲೂ ಇದೆ. ನಾಲ್ಕು ವರ್ಷ ಅವಳ ಹೋಂವರ್ಕಿಗೆ ಸಹಿ ಹಾಕಿದವನು ನಾನೇ.

ಇಲಾಖೆಯ ಕಾಗದಗಳಲ್ಲಿ ಸಂಖ್ಯೆಯನ್ನು ಹೀಗೆ ಅರಿತು ನೋಡುವುದಕ್ಕೆ ಬುನಾದಿ ಸಂಖ್ಯಾಜ್ಞಾನ ಎಂಬ ಹೆಸರಿದೆ. ನಾನು ಸಂಖ್ಯೆಯ ಸಲುಗೆ ಎನ್ನುತ್ತೇನೆ. ಪಿಗ್ಮಿಯವನ ಪುಸ್ತಕದಲ್ಲಿ ಸಂಜೆಯ ಹೊತ್ತಿಗೆ ಅರವತ್ತು ಎಪ್ಪತ್ತು ಮೊತ್ತಗಳು ಸಾಲಾಗಿ ನಿಂತಿರುತ್ತವೆ. 30, 20, 50, 15, 70, 85, 10 ಹೀಗೆ. ಮೇಲಿನಿಂದ ಕೆಳಕ್ಕೆ ಒಂದರ ಹಿಂದೆ ಒಂದು ಕೂಡಿಸುತ್ತ ಹೋಗುವವನು ಹೊಸಬ. ಹಳಬನ ಕಣ್ಣು ಮೊದಲು ಜೋಡಿ ಹುಡುಕುತ್ತದೆ. ಮೂವತ್ತಕ್ಕೆ ಎಪ್ಪತ್ತು, ಹದಿನೈದಕ್ಕೆ ಎಂಬತ್ತೈದು, ಅಲ್ಲಿಗೆ ಇನ್ನೂರು. ಉಳಿದದ್ದು ಎಂಬತ್ತು. ಈ ವಿದ್ಯೆಗೆ ಬೇಕಾದ ಬಂಡವಾಳವೆಲ್ಲ ಒಂದನೆಯ ತರಗತಿಯಲ್ಲೇ ಸಿಗಬೇಕಾದದ್ದು: ಹತ್ತನ್ನು ಎಷ್ಟು ಬಗೆಯಲ್ಲಿ ಒಡೆಯಬಹುದು ಎಂಬ ತಿಳಿವಳಿಕೆ. ಏಳಕ್ಕೆ ಮೂರು, ಆರಕ್ಕೆ ನಾಲ್ಕು.

ಎಂಟಕ್ಕೆ ಐದು ಕೂಡಿಸು ಎಂದು ಆರು ವರ್ಷದ ಮಗುವಿಗೆ ಹೇಳಿ ನೋಡಿ. ಮೊದಮೊದಲು ಅದು ಒಂದರಿಂದ ಹದಿಮೂರರವರೆಗೆ ಎಲ್ಲವನ್ನೂ ಬೆರಳಿನಲ್ಲಿ ಎಣಿಸುತ್ತದೆ. ಸ್ವಲ್ಪ ಪಳಗಿದ ಮೇಲೆ ಎಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು, ಹತ್ತು ಎಂದು ಮುಂದೆ ಹೋಗುತ್ತದೆ. ಇನ್ನೂ ಪಳಗಿದರೆ ಐದರಿಂದ ಎರಡನ್ನು ಕಿತ್ತು ಎಂಟಕ್ಕೆ ಕೊಟ್ಟು ಹತ್ತು ಮಾಡಿ, ಮಿಕ್ಕ ಮೂರನ್ನು ಸೇರಿಸುತ್ತದೆ. ಈ ಮೂರನೆಯ ಹೆಜ್ಜೆ ತಾನಾಗಿ ಎಲ್ಲ ಮಕ್ಕಳಿಗೂ ಬರುವುದಿಲ್ಲ, ಕಲಿಸಬೇಕು. ಕಲಿಸದಿದ್ದರೆ ಐದನೆಯ ತರಗತಿಯಲ್ಲೂ ಡೆಸ್ಕಿನ ಕೆಳಗೆ ಬೆರಳುಗಳು ಆಡುತ್ತಿರುತ್ತವೆ. ಬೆರಳು ಮಡಚುವ ಮಗುವನ್ನು ಗದರಿಸುವ ಶಿಕ್ಷಕರು ದಯವಿಟ್ಟು ಗಮನಿಸಬೇಕು: ಬೆರಳು ಅದರ ಊರುಗೋಲು. ಕಾಲಿಗೆ ಬಲ ಬರುವ ಮೊದಲು ಊರುಗೋಲು ಕಿತ್ತುಕೊಂಡರೆ ಮಗು ಬಚ್ಚಿಟ್ಟುಕೊಂಡು ಎಣಿಸುವುದನ್ನು ಕಲಿಯುತ್ತದೆ.

ಈಗ ಮಗ್ಗಿಯ ವಿಷಯ. ಮಗ್ಗಿ ಬೇಡ ಎನ್ನುವ ಪಂಗಡಕ್ಕೆ ನಾನು ಸೇರಿಲ್ಲ. ಏಳೆಂಟ್ಲ ಐವತ್ತಾರು ಎಂಬುದು ಕೇಳಿದ ಕ್ಷಣವೇ ನಾಲಿಗೆಗೆ ಬರಬೇಕು. ಬಾರದಿದ್ದರೆ ದೊಡ್ಡ ಲೆಕ್ಕದ ನಡುವೆ ಮಗುವಿನ ಗಮನವೆಲ್ಲ ಅಲ್ಲೇ ಖರ್ಚಾಗಿ, ತಾನು ಏನು ಮಾಡಲು ಹೊರಟಿದ್ದೆ ಎಂಬುದೇ ಮರೆತುಹೋಗುತ್ತದೆ. ಆದರೆ ನನ್ನ ಮೊಮ್ಮಗಳನ್ನು ಥಟ್ಟನೆ ಏಳೆಂಟ್ಲ ಎಷ್ಟು ಎಂದು ಕೇಳಿದರೆ ಅವಳು ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಎಂದು ಮೊದಲಿನಿಂದ ಹೊರಡುತ್ತಾಳೆ. ಶೀಲ್ಡು ಗೆದ್ದ ಹುಡುಗಿ! ಭಜನೆಯನ್ನು ನಡುವಿನಿಂದ ಹಾಡು ಎಂದರೆ ನನಗೂ ಬರುವುದಿಲ್ಲ, ಹಾಗೆ.

ಒಂದು ಸಂಜೆ ಇಬ್ಬರೂ ಕೂತು ಒಂದರಿಂದ ಹತ್ತರವರೆಗಿನ ಮಗ್ಗಿಯನ್ನು ಚೌಕಳಿಯಾಗಿ ಬರೆದೆವು. ನೂರು ಮನೆ. ಅದನ್ನು ಕಂಡೇ ಅರ್ಧ ಮಕ್ಕಳು ಹೆದರುತ್ತಾರೆ. ಏಳೆಂಟ್ಲ ಮತ್ತು ಎಂಟೇಳ್ಲ ಎರಡೂ ಒಂದೇ ಎಂದು ತಿಳಿದರೆ ನೂರು 55ಕ್ಕೆ ಇಳಿಯುತ್ತದೆ. ಒಂದು, ಎರಡು, ಐದು, ಹತ್ತು ಇವುಗಳ ಮಗ್ಗಿಗೆ ಯಾವ ಮಗುವೂ ಅಳುವುದಿಲ್ಲ. ಅವನ್ನು ಅಳಿಸಿದರೆ ಉಳಿಯುವುದು 21. ಒಂಬತ್ತರ ಮಗ್ಗಿಗೆ ಉಪಾಯವಿದೆ. ಹತ್ತರಷ್ಟು ಮಾಡಿ ಒಂದು ಪಾಲು ಹಿಂದೆ ತೆಗೆದರಾಯಿತು. ಅಲ್ಲಿಗೆ 15. ನಾಲ್ಕು ಎಂದರೆ ಎರಡರ ಇಮ್ಮಡಿ, ಎಂಟು ಎಂದರೆ ನಾಲ್ಕರ ಇಮ್ಮಡಿ ಎಂದು ಗೊತ್ತಾದ ಮಗುವಿಗೆ ಈ ಹದಿನೈದೂ ಭಾರವಲ್ಲ. ಏಳೆಂಟ್ಲ ಮರೆತಿತೇ? ಐದೆಂಟ್ಲ ನಲವತ್ತು, ಎರಡೆಂಟ್ಲ ಹದಿನಾರು, ಸೇರಿಸಿಕೋ. ಮೊಮ್ಮಗಳು ಅಳಿಸಿ ಉಳಿದ ಮನೆಗಳನ್ನು ಎರಡು ಸಲ ಎಣಿಸಿದಳು. ಆಮೇಲೆ ಅವಳು ಕೇಳಿದ ಪ್ರಶ್ನೆ ನನ್ನದಲ್ಲ, ನಿಮ್ಮದು: "ಹಾಗಾದರೆ ಶಾಲೆಯಲ್ಲಿ ಎಲ್ಲವನ್ನೂ ಯಾಕೆ ಬಾಯಿಪಾಠ ಮಾಡಿಸುತ್ತಾರೆ?"

ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. ನಮ್ಮ ಕಾಲದಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಎಲ್ಲ ಇತ್ತು, ಜೊತೆಗೆ ನಾಗರಬೆತ್ತವೂ ಇತ್ತು. ಮಗ್ಗಿ ಬಾರದವರು ನಾಲ್ಕನೆಯ ತರಗತಿ ದಾಟದೆ ಬೊಂಬಾಯಿಯ ಹೋಟೆಲುಗಳಿಗೆ ಲೋಟ ತೊಳೆಯಲು ಹೋದರು. ಬಾಯಿಪಾಠ ಚೆನ್ನಾಗಿತ್ತು ಎಂದು ಇವತ್ತು ಹೇಳುವವರೆಲ್ಲ ಅಂದು ಪಾಸಾದವರು.

ಎರಡನೆಯ ತೊಂದರೆ ಕಾಗದದ ಆತುರ. ಎರಡನೆಯ ತರಗತಿಗೆ ಬರುವಷ್ಟರಲ್ಲಿ ಮಗುವಿನ ಕೈಗೆ ಒಂದರ ಕೆಳಗೊಂದು ಬರೆದು ಕಳೆಯುವ ಕ್ರಮ ಬಂದುಬಿಡುತ್ತದೆ. ಕ್ರಮ ಒಳ್ಳೆಯದೇ, ತಲೆಮಾರುಗಳಿಂದ ಪಳಗಿದ್ದು. ಆದರೆ 302ರಿಂದ 298 ಕಳೆಯಲು ಅದು ಬೇಕೇ? ನೆರೆಮನೆಯ ಹುಡುಗನಿಗೆ ಈ ಲೆಕ್ಕ ಕೊಟ್ಟೆ. ಐದನೆಯ ತರಗತಿ, ಬುದ್ಧಿವಂತ, ಚೆಸ್ ಆಡುತ್ತಾನೆ. ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದ. ಸಾಲ ಕೇಳಲು ಪಕ್ಕದ ಮನೆಗೆ ಹೋದರೆ ಅಲ್ಲಿ ಸೊನ್ನೆ. ಗಲಿಬಿಲಿಯಾಗಿ ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದು 196 ಎಂದು ಬರೆದ. ಪೆನ್ಸಿಲು ಕಸಿದುಕೊಂಡು, ನಿನ್ನ ಹತ್ತಿರ 298 ರೂಪಾಯಿ ಇದೆ, 302 ಆಗಲು ಎಷ್ಟು ಬೇಕು ಎಂದು ಕೇಳಿದೆ. "ನಾಲ್ಕು" ಎಂದ, ಇದೂ ಒಂದು ಪ್ರಶ್ನೆಯೇ ಎಂಬಂತೆ ನನ್ನ ಮುಖ ನೋಡಿದ. ಎರಡೂ ಒಂದೇ ಲೆಕ್ಕ ಎಂದು ಅವನಿಗೆ ಒಪ್ಪಿಸಲು ನನಗೆ ಕಾಲು ಗಂಟೆ ಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇಂಥ ಕಥೆ ಕೇಳಿದ ಕೂಡಲೇ, ಮಕ್ಕಳನ್ನು ಸಂತೆಗೆ ಕರೆದುಕೊಂಡು ಹೋಗಿ, ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅಷ್ಟು ಸುಲಭವಿಲ್ಲ. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಲೆಕ್ಕವನ್ನು ಪರೀಕ್ಷಿಸಿ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ತರಕಾರಿ ತೂಗಿ ಬಾಯಲ್ಲೇ ಚಿಲ್ಲರೆ ಲೆಕ್ಕ ಮಾಡುವ ಮಕ್ಕಳು ಅದೇ ಮಟ್ಟದ ಲೆಕ್ಕವನ್ನು ಶಾಲೆಯ ರೂಪದಲ್ಲಿ ಕೊಟ್ಟಾಗ ಎಡವಿದರು. ಶಾಲೆಯ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರು, ವ್ಯಾಪಾರದ ಲೆಕ್ಕದಲ್ಲಿ ಸೋತರು. ನಮ್ಮ ಹೂವಿನ ಅಕ್ಕನಿಗೂ 1240 ಭಾಗಿಸು 4 ಎಂದು ಕಾಗದದಲ್ಲಿ ಬರೆದುಕೊಟ್ಟರೆ ಅವರು ಅದನ್ನು ಪಕ್ಕಕ್ಕಿಡುತ್ತಾರೆ. ಸಂತೆಯೂ ಶಾಲೆಯೂ ಹೊಳೆಯ ಎರಡು ದಡ. ದೋಣಿ ನಡೆಸಬೇಕಾದವರು ಶಿಕ್ಷಕರು.

ನಮ್ಮ ಶಾಲೆಗಳ ಮೆಟ್ರಿಕ್ ಮೇಳ ಆ ದೋಣಿಯಾಗಬಹುದಿತ್ತು. ಮಕ್ಕಳು ಬಸಳೆ, ಹರಿವೆ, ತೆಂಗಿನಕಾಯಿ ತಂದು ಮಾರುತ್ತಾರೆ, ನೋಡಲು ಚೆಂದ. ನಾನು ಹೋದ ಮೇಳವೊಂದರಲ್ಲಿ ಪ್ರತಿ ಮಗುವಿನ ಹಿಂದೆ ತಾಯಿ ನಿಂತು ಮೊಬೈಲಿನಲ್ಲಿ ಕೂಡಿಸಿ ಕೊಡುತ್ತಿದ್ದರು. ಮಧ್ಯಾಹ್ನದ ಒಳಗೆ ಫೋಟೋ ತೆಗೆದು ಮುಗಿಯಿತು. ಮರುದಿನ ತರಗತಿಯಲ್ಲಿ ಅದೇ ಬಸಳೆಯ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆಸಿದರೆ, ನೀನು ಮನಸ್ಸಿನಲ್ಲಿ ಮಾಡಿದ್ದಕ್ಕೂ ಈ ಗುರುತುಗಳಿಗೂ ಏನು ಸಂಬಂಧ ಎಂದು ಮಾತಾಡಿಸಿದರೆ ಮೇಳದ ಖರ್ಚು ಹುಟ್ಟುತ್ತಿತ್ತು.

ಭಾಷೆಯ ಬಗ್ಗೆಯೂ ಹೇಳಲೇಬೇಕು, ಯಾರಿಗಾದರೂ ಸಿಟ್ಟು ಬಂದರೂ ಸರಿ. ಕನ್ನಡದ ಸಂಖ್ಯೆಗಳ ಹೆಸರಿನಲ್ಲೇ ಅರ್ಧ ಪಾಠ ಅಡಗಿದೆ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು. ಮೂವತ್ತೊಂದು ಎಂದಾಗ ದೊಡ್ಡದು ಮೊದಲು, ಬಿಡಿ ಆಮೇಲೆ, ಬರೆಯುವ ಕ್ರಮದಲ್ಲೇ. ತುಳುವಿನ ಇರುವತ್ತೊಂಜಿಯೂ ಹಾಗೆಯೇ. ಕೊಂಕಣಿಯ ಮಕ್ಕಳಿಗೆ ತುಸು ಕಷ್ಟ, ಎಕ್ವೀಸ್ ಎನ್ನುವಾಗ ಒಂದು ಮೊದಲು ಬಂದು ಇಪ್ಪತ್ತು ಹಿಂದೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಹನ್ನೊಂದರ ಹೆಸರಿನೊಳಗೆ ಹತ್ತು ಕಾಣಿಸುವುದೇ ಇಲ್ಲ, ಥರ್ಟೀನ್ ಮತ್ತು ಥರ್ಟಿಗಳ ನಡುವೆ ಕಿವಿಗೆ ಸಿಗುವ ವ್ಯತ್ಯಾಸ ಒಂದು ಎಳೆಯಷ್ಟು. ನನ್ನ ಮೊಮ್ಮಗಳು ಎರಡನೆಯ ತರಗತಿಯಲ್ಲಿ ಇಡೀ ವರ್ಷ ಎಯ್ಟೀನ್ ಎಂದರೆ 80 ಬರೆಯುತ್ತಿದ್ದಳು. ಅವಳಿಗೆ ಲೆಕ್ಕ ಬರುವುದಿಲ್ಲ ಎಂದು ಪ್ರಗತಿಪತ್ರದಲ್ಲಿ ಬರೆದರು. ಮನೆಯಲ್ಲಿ ಹದಿನೆಂಟು ಎಂದರೆ ಅವಳು ಸರಿಯಾಗಿಯೇ ಬರೆಯುತ್ತಿದ್ದಳು.

ಇಂಗ್ಲಿಷ್ ಮಾಧ್ಯಮ ಮುಚ್ಚಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಮಗನೇ ಒಪ್ಪುವುದಿಲ್ಲ. ವಿದೇಶಿಯರು ಕಿತ್ತಳೆಯ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರಿಸಲಾಗದೆ ನೊಂದ ಹರೇಕಳ ಹಾಜಬ್ಬರು ಆ ನೋವಿನಿಂದಲೇ ತಮ್ಮೂರಿಗೆ ಶಾಲೆ ತಂದರು, ಪದ್ಮಶ್ರೀಯನ್ನೂ ಪಡೆದರು. ಆದರೆ ನೆನಪಿಡಿ, ಅಂದು ಹಾಜಬ್ಬರಿಗೆ ಕೊರತೆಯಾದದ್ದು ಭಾಷೆ. ಲೆಕ್ಕ ಅವರಿಗೆ ಗೊತ್ತಿತ್ತು. ಒಂದರಿಂದ ಮೂರನೆಯ ತರಗತಿಯವರೆಗೆ, ಮಾಧ್ಯಮ ಯಾವುದೇ ಇರಲಿ, ಬಾಯಿಲೆಕ್ಕವನ್ನು ಮನೆಮಾತಿನಲ್ಲಿ ಮಾಡಲು ಬಿಡಿ. ಮಗು ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಿ ಇಂಗ್ಲಿಷಿನಲ್ಲಿ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಇಲಾಖೆ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಸರಕಾರಿ ಶಾಲೆಯ ಮೊದಲ ಮೂರು ತರಗತಿಗಳಿಗೆ ಕಡ್ಡಿ, ಕಲ್ಲು, ಕಾರ್ಡುಗಳನ್ನು ತಂದಿತು. ಈ ವಿಷಯದಲ್ಲಿ ಅನೇಕ ಖಾಸಗಿ ಶಾಲೆಗಳಿಗಿಂತ ಸರಕಾರಿ ಶಾಲೆಗಳೇ ಮುಂದಿವೆ. ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆಯೂ ಬಂದಿದೆ. ಮಣಿ, ಬಿಲ್ಲೆ, ಗಡಿಯಾರ, ಹತ್ತರ ಪಟ್ಟಿ ಎಲ್ಲ ಅದರಲ್ಲಿವೆ. ನಾನು ಕಂಡ ಒಂದು ಪೆಟ್ಟಿಗೆಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. ಒಂದು ಮಣಿ ಕಳೆದರೂ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಲ್ಲ ಎಂಬ ಭಯ ಶಿಕ್ಷಕಿಗೆ. ಅಧಿಕಾರಿಗಳೇ, ಮಣಿ ಕಳೆಯಲಿ. ಮಣಿ ಕಳೆಯಬಹುದು ಎಂದು ಒಂದು ಸುತ್ತೋಲೆ ಹೊರಡಿಸಿ. ಮೂರು ತರಗತಿಗೆ ಒಬ್ಬರೇ ಶಿಕ್ಷಕರು, ಅವರಿಗೇ ಮತಪಟ್ಟಿ, ಅವರಿಗೇ ಸಮೀಕ್ಷೆ, ಅವರಿಗೇ ಮೊಟ್ಟೆಯ ಲೆಕ್ಕ. ಅದು ಬೇರೆಯೇ ಪತ್ರಕ್ಕೆ ವಸ್ತು.

ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಗಟ್ಟಿಯಾಗಿರಬೇಕು ಎಂದು 2021ರ ಜುಲೈಯಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ ಇಟ್ಟುಕೊಂಡ ಗಡುವು 2026-27. ಹಳ್ಳಿಯ ಮಕ್ಕಳ ಓದು, ಲೆಕ್ಕವನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 30.7. ನಮ್ಮ ಜಿಲ್ಲೆಗೆ ಇದು ಅನ್ವಯಿಸುವುದಿಲ್ಲ ಎಂದು ಎದೆ ಉಬ್ಬಿಸುವವರಿದ್ದಾರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 94ರೊಂದಿಗೆ ಉಡುಪಿ ರಾಜ್ಯಕ್ಕೇ ಮೊದಲು, ಮರುವರ್ಷ ದಕ್ಷಿಣ ಕನ್ನಡ ಮೊದಲು, ನಾವು ಎರಡನೆಯವರು. ಸಂತೋಷ. ಆ ಫಲಿತಾಂಶದ ಹಿಂದೆ ಎಷ್ಟು ಟ್ಯೂಷನ್ ಇದೆ, ಎಷ್ಟು ಮಾದರಿ ಪ್ರಶ್ನೆಪತ್ರಿಕೆಯ ಬಾಯಿಪಾಠ ಇದೆ ಎಂದು ಹತ್ತನೆಯ ತರಗತಿಯ ಯಾವ ಗಣಿತ ಶಿಕ್ಷಕರನ್ನಾದರೂ ಏಕಾಂತದಲ್ಲಿ ಕೇಳಿ ನೋಡಿ.

ನನ್ನ ಬೇಡಿಕೆ ದಿನಕ್ಕೆ ಹತ್ತು ನಿಮಿಷ. ಒಂದರಿಂದ ಐದನೆಯ ತರಗತಿಯವರೆಗೆ ಪ್ರತಿದಿನ, ಪುಸ್ತಕ ಮುಚ್ಚಿ, ಪೆನ್ಸಿಲು ಕೆಳಗಿಟ್ಟು ಬಾಯಿಲೆಕ್ಕ. ಒಂದೇ ಲೆಕ್ಕ ಸಾಕು. 49ಕ್ಕೆ 36 ಕೂಡಿಸಿದರೆ ಎಷ್ಟು? ಉತ್ತರ ಬಂದ ಮೇಲೆ ಸರಿ ತಪ್ಪು ಹೇಳದೆ, ಹೇಗೆ ಗೊತ್ತಾಯಿತು ಎಂದು ನಾಲ್ಕು ಮಕ್ಕಳನ್ನು ಕೇಳಿ. ಒಬ್ಬಳು ಐವತ್ತಕ್ಕೆ ಮೂವತ್ತೈದು ಎನ್ನುತ್ತಾಳೆ. ಇನ್ನೊಬ್ಬ ನಲವತ್ತು ಮೂವತ್ತು ಎಪ್ಪತ್ತು, ಒಂಬತ್ತು ಆರು ಹದಿನೈದು ಎನ್ನುತ್ತಾನೆ. ಮೂರನೆಯವನು ಬೆರಳೆಣಿಸಿ 84 ಎಂದರೆ ನಗುವವರನ್ನು ಸುಮ್ಮನಿರಿಸಿ, ಎಲ್ಲಿ ಒಂದು ಜಾರಿತು ಎಂದು ಅವನೇ ಹುಡುಕಲಿ. ಬರೆದು ಮಾಡುವ ದೊಡ್ಡ ಲೆಕ್ಕಕ್ಕೆ ಮುಂಚೆ, ಉತ್ತರ ಸುಮಾರು ಎಷ್ಟಿರಬಹುದು ಎಂದು ಊಹಿಸಿ ಅಂಚಿನಲ್ಲಿ ಬರೆಯುವ ನಿಯಮವಿರಲಿ. ಆ ನಿಯಮ ಇದ್ದಿದ್ದರೆ ನನ್ನ ಮೊಮ್ಮಗಳ ಚೀಟಿಯ ಅಂಚಿನಲ್ಲಿ ಮುನ್ನೂರು ಎಂದಿರುತ್ತಿತ್ತು, 31ನ್ನು ಅವಳೇ ಹೊಡೆದುಹಾಕುತ್ತಿದ್ದಳು. ಮಗ್ಗಿ ಸ್ಪರ್ಧೆ ಬೇಕೇ ಬೇಕು ಎಂದರೆ ಇರಲಿ. ಗಡಿಯಾರವನ್ನು ಒಳಗಿಟ್ಟು, ಏಳೆಂಟ್ಲ ಮರೆತುಹೋದರೆ ಏನು ಮಾಡುತ್ತೀ ಎಂದು ಕೇಳಿ, ಹೆಚ್ಚು ದಾರಿ ತೋರಿಸಿದವರಿಗೆ ಶೀಲ್ಡು ಕೊಡಿ. ದಾನಿಗಳಿಗೆ ಖರ್ಚು ಅಷ್ಟೇ.

ಪೋಷಕರಿಗೂ ಒಂದು ಮಾತು. ಅಂಗಡಿಗೆ ಮಕ್ಕಳನ್ನು ಕಳಿಸುವುದು ನಿಂತಿದೆ, ಕಳಿಸಿದರೂ ಕೈಯಲ್ಲಿ ಮೊಬೈಲು. ಕ್ಯೂಆರ್ ಚೀಟಿಗೆ ಫೋನು ಹಿಡಿದರೆ ಚಿಲ್ಲರೆ ಎಣಿಸುವ ಪ್ರಸಂಗವೇ ಇಲ್ಲ. ನನ್ನ ವೃತ್ತಿಯನ್ನೂ ಅದೇ ನುಂಗಿತು, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಹೊಟ್ಟೆಯುರಿ ಇದ್ದರೆ ಕ್ಷಮಿಸಿ. ವಾರಕ್ಕೊಮ್ಮೆಯಾದರೂ ಐನೂರರ ನೋಟು ಕೊಟ್ಟು ಮೀನು ತರಲು ಕಳಿಸಿ. ನೂರಕ್ಕೆ ಎಂಟು ಬಂಗುಡೆಯಾದರೆ ಹನ್ನೆರಡಕ್ಕೆ ಎಷ್ಟು ಎಂದು ಮಗು ದಾರಿಯುದ್ದಕ್ಕೂ ಯೋಚಿಸಲಿ.

ಯಾವುದಾದರೂ ಶಾಲೆ ಕರೆದರೆ ಶನಿವಾರ ಬೆಳಿಗ್ಗೆ ಬರಲು ನಾನು ತಯಾರಿದ್ದೇನೆ. ಸಂಭಾವನೆ ಬೇಡ, ಚಹಾ ಸಾಕು. ನನ್ನ ಹಳೆಯ ಪಿಗ್ಮಿ ಪುಸ್ತಕಗಳಲ್ಲಿ ಕೂಡಿಸಲು ಬೇಕಾದಷ್ಟು ಮೊತ್ತಗಳಿವೆ, ಖಾತೆದಾರರ ಹೆಸರಿನ ಮೇಲೆ ಕಾಗದ ಅಂಟಿಸಿ ತರುತ್ತೇನೆ.

ಮೊಮ್ಮಗಳ ವಿಷಯ ಬಿಟ್ಟೆ. ಕಳೆದ ವಾರ ಮತ್ತೆ ಮಲ್ಲಿಗೆ ತಂದೆವು. ಚೆಂಡಿನಲ್ಲಿ ನಿಜವಾಗಿಯೂ ಎಂಟುನೂರು ಇರುತ್ತದೆಯೇ ಎಂದು ಅವಳಿಗೆ ಅನುಮಾನ. ದೇವರಿಗೆ ಇಡುವ ಮೊದಲು ನೆಲದ ಮೇಲೆ ಬಿಚ್ಚಿ, ಹತ್ತು ಹೂವಿಗೊಂದು ಹುಣಸೆಬೀಜ ಇಡುತ್ತ ಎಣಿಸಿದಳು. ನಡುವೆ ಬೆಕ್ಕು ಬಂದು ಬೀಜಗಳನ್ನು ಚೆಲ್ಲಾಪಿಲ್ಲಿ ಮಾಡಿದ್ದರಿಂದ ಮೊದಲಿನಿಂದ ಎಣಿಸಬೇಕಾಯಿತು. ಎಪ್ಪತ್ತೆಂಟು ಬೀಜ, ಮೇಲೆ ಆರು ಹೂವು. ಹದಿನಾಲ್ಕು ಕಡಿಮೆ ಇದೆ, ಹೋಗಿ ಕೇಳೋಣ ಎಂದು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಹೂವಿನ ಅಕ್ಕನಿಗೆ ಏನು ಹೇಳುವುದೆಂದು ನನಗಿನ್ನೂ ತೋಚಿಲ್ಲ.

ಇತಿ,
ಒಬ್ಬ ನಿವೃತ್ತ ಪಿಗ್ಮಿ ಸಂಗ್ರಾಹಕ
ಉಡುಪಿ